ಕ್ಯಾಮೆರಾ ಯಾರ ಪಕ್ಕದಲ್ಲಿ ನಿಂತಿದೆ?

ಗೌರಿಬಿದನೂರು ತಾಲ್ಲೂಕಿನ ಪದವಿಪೂರ್ವ ಕಾಲೇಜೊಂದರಲ್ಲಿ ನಾನು ರಾಜ್ಯಶಾಸ್ತ್ರ ಕಲಿಸುತ್ತೇನೆ. ಸರ್ವಾಧಿಕಾರದ ದೋಷಗಳನ್ನು ಬರೆಯಿರಿ ಎಂದರೆ ನಮ್ಮ ವಿದ್ಯಾರ್ಥಿಗಳು ಒಂದೂ ಬಿಡದೆ ಬರೆಯುತ್ತಾರೆ. ಅದೇ ಸರ್ವಾಧಿಕಾರಿ ಸಂಜೆ ತೆರೆಯ ಮೇಲೆ ಬಂದರೆ ಶಿಳ್ಳೆ ಹೊಡೆಯುತ್ತಾರೆ. ಇದು ನನ್ನನ್ನು ಬಹಳ ಕಾಡಿತು. ಹಾಗಾಗಿ ಶನಿವಾರ ತರಗತಿ ಮುಗಿದ ಮೇಲೆ ಪ್ರೊಜೆಕ್ಟರ್ ಹಾಕಿ ಸಿನಿಮಾ ತುಣುಕುಗಳನ್ನು ಅವರೊಂದಿಗೆ ಕುಳಿತು ನೋಡತೊಡಗಿದೆ.

ಅವರಿಗೆ ಗೊತ್ತಿರುವುದರಿಂದಲೇ ಶುರು ಮಾಡುತ್ತೇನೆ. ನಮ್ಮದು ಗಡಿ ತಾಲ್ಲೂಕು, ಹಿಂದೂಪುರ ಹತ್ತಿರ. ರಾಯಲಸೀಮೆಯ ಫ್ಯಾಕ್ಷನ್ ಕಥೆಗಳ, ಅಂದರೆ ಊರಿನ ಬಣಗಳ ಹಗೆತನದ, ತೆಲುಗು ಚಿತ್ರ ನೋಡದ ಹುಡುಗ ಇಲ್ಲಿ ಅಪರೂಪ. ಅಂಥ ಒಂದು ಚಿತ್ರದ ನಾಯಕನ ಪ್ರವೇಶವನ್ನು ದನಿ ತೆಗೆದು ತೋರಿಸುತ್ತೇನೆ. ಮೊದಲು ಜೀಪಿನಿಂದ ಇಳಿಯುವ ಕಾಲು, ಆಮೇಲೆ ಕಡಗ ತೊಟ್ಟ ಕೈ, ಗಾಳಿಗೆ ಹಾರುವ ಪಂಚೆಯ ಅಂಚು, ಕೊನೆಗೆ ಕೆಳಗಿನಿಂದ ಕಾಣುವ ಮುಖ. ಸುತ್ತ ಊರೇ ಕೈಮುಗಿದು ನಿಂತಿದೆ. ಅದರ ಹಿಂದೆಯೇ ಖಳನಾಯಕನ ಪ್ರವೇಶ, ಅದಕ್ಕೂ ದನಿಯಿಲ್ಲ. ಕಾಲು, ಕೈ, ಮೀಸೆ, ಕೈಮುಗಿದ ಊರು. ‘ಸರ್, ಇಬ್ಬರೂ ಒಂದೇ ಥರ ಇದ್ದಾರಲ್ಲ’ ಎಂದು ಹಿಂದಿನ ಬೆಂಚಿನಿಂದ ಮಾತು ಬಂದರೆ ಅರ್ಧ ಪಾಠ ಮುಗಿದಂತೆ. ಇವನನ್ನು ಪ್ರೀತಿಸಿ, ಅವನನ್ನು ದ್ವೇಷಿಸಿ ಎಂದು ಅಲ್ಲಿಯವರೆಗೆ ಹೇಳುತ್ತಿದ್ದದ್ದು ಹಿನ್ನೆಲೆ ಸಂಗೀತ.

ನನಗೆ ಖಳನಾಯಕನಿಗಿಂತ ಈ ನಾಯಕನ ಬಗ್ಗೆಯೇ ಹೆಚ್ಚು ಆತಂಕ. ಪೊಲೀಸರು, ನ್ಯಾಯಾಲಯ, ಪಂಚಾಯಿತಿ ಯಾವುದೂ ಕೈಲಾಗದ್ದು ಎಂದು ಮಧ್ಯಂತರದವರೆಗೆ ತೋರಿಸಿ, ಆಮೇಲೆ ಕೊಡಲಿ ಹಿಡಿದವನನ್ನು ತರುವ ಕಥೆಗೆ ಬೇರೆ ರಾಜಕೀಯ ಭಾಷಣವೇ ಬೇಕಿಲ್ಲ. ಒಳ್ಳೆಯವನ ಕೈಯಲ್ಲಿದ್ದರೆ ಅಂಕೆಯಿಲ್ಲದ ಅಧಿಕಾರವೂ ಒಳ್ಳೆಯದೇ ಎಂದು ಅದು ಆಗಲೇ ನಂಬಿಸಿಬಿಟ್ಟಿರುತ್ತದೆ. ಧಾರಾವಾಹಿಗಳಲ್ಲಿ ಮನೆಯವರೆಲ್ಲ ತಲೆತಗ್ಗಿಸಿ ನಿಂತು ಕೇಳುವ ಯಜಮಾನನೂ ಇದೇ ಪಾಠವನ್ನು ದಿನಾ ರಾತ್ರಿ ಹೇಳಿಕೊಡುತ್ತಾನೆ.

ಮುಂದಿನ ವಾರ ಎರಡು ಹಳೆಯ ತುಣುಕುಗಳು. 1934ರ ನ್ಯೂರೆಂಬರ್ಗ್ ನಾಜಿ ಸಮಾವೇಶವನ್ನು ಚಿತ್ರೀಕರಿಸಿ ಲೆನಿ ರೀಫೆನ್‌ಸ್ಟಾಲ್ ಮಾಡಿದ ‘ಟ್ರಯಂಫ್ ಆಫ್ ದಿ ವಿಲ್’ (1935) ಚಿತ್ರದಲ್ಲಿ ಹಿಟ್ಲರನ ವಿಮಾನ ಮೋಡಗಳ ನಡುವಿನಿಂದ ಇಳಿದು ಬರುತ್ತದೆ. ಸಮಾವೇಶದ ಮೈದಾನದಲ್ಲಿ ಧ್ವಜಸ್ತಂಭಕ್ಕೆ ಲಿಫ್ಟ್ ಕಟ್ಟಿ ಅದರಲ್ಲಿ ಕ್ಯಾಮೆರಾ ಏರಿಸಿದ್ದರು. ಅಷ್ಟು ಎತ್ತರದಿಂದ ನೋಡಿದರೆ ಮನುಷ್ಯರು ಕಾಣುವುದಿಲ್ಲ, ಸಾಲುಗಳು ಮಾತ್ರ ಕಾಣುತ್ತವೆ. ಚಾಪ್ಲಿನ್‌ನ ‘ದಿ ಗ್ರೇಟ್ ಡಿಕ್ಟೇಟರ್’ (1940) ಚಿತ್ರದಲ್ಲಿ ಹಿಟ್ಲರನ ಅಣಕವಾದ ಸರ್ವಾಧಿಕಾರಿ ಹಿಂಕೆಲ್ ತನ್ನ ಕೋಣೆಯಲ್ಲಿ ಒಬ್ಬನೇ ಭೂಗೋಳದ ಬಲೂನನ್ನು ತಟ್ಟಿ ತಟ್ಟಿ ಆಡುತ್ತಾನೆ. ಅದು ಕೈಯಲ್ಲೇ ಒಡೆದಾಗ ಮೇಜಿನ ಮೇಲೆ ಮುಖವಿಟ್ಟು ಅಳುತ್ತಾನೆ. ಹುಡುಗರು ನಕ್ಕು ಸುಸ್ತಾದ ಮೇಲೆ ಕೇಳುತ್ತೇನೆ: ಇವನಿಗೆ ಕೈಮುಗಿಯುವ ಜನ ಈ ದೃಶ್ಯದಲ್ಲಿ ಎಲ್ಲಿದ್ದಾರೆ?

ನೋಡಿದ್ದು ಕೈಗೂ ಬರಬೇಕು. ‘ಸಭೆ ಮುಗಿಯಿತು, ಎಲ್ಲರೂ ಹೊರಡಿ’ ಎಂಬ ಒಂದೇ ಮಾತನ್ನು ಒಬ್ಬ ಹುಡುಗನಿಂದ ಹೇಳಿಸಿ ಮೊಬೈಲಿನಲ್ಲಿ ಮೂರು ಸಲ ತೆಗೆಸುತ್ತೇನೆ: ಮೊಣಕಾಲಿನ ಎತ್ತರದಿಂದ, ಕಣ್ಣಿನ ಎತ್ತರದಿಂದ, ಮಹಡಿಯ ಮೆಟ್ಟಿಲಿನ ಮೇಲಿನಿಂದ. ಮೊದಲನೆಯದರಲ್ಲಿ ಅವನು ಸಾಹೇಬ, ಮೂರನೆಯದರಲ್ಲಿ ಯಾರೂ ಲೆಕ್ಕಿಸದ ಗುಮಾಸ್ತ. ಹುಡುಗ ಅವನೇ, ಅಂಗಿಯೂ ಅದೇ.

ಎಲ್ಲಕ್ಕಿಂತ ಬಿಸಿಯಾದ ಚರ್ಚೆ ಎದ್ದದ್ದು ಸೋವಿಯತ್ ನಿರ್ದೇಶಕ ಐಸೆನ್‌ಸ್ಟೈನ್‌ನ ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’ (1925) ಚಿತ್ರದಲ್ಲಿ ಸೈನಿಕರು ಜನರ ಮೇಲೆ ಗುಂಡು ಹಾರಿಸುವ ಒಡೆಸ್ಸಾ ಮೆಟ್ಟಿಲುಗಳ ದೃಶ್ಯದಿಂದ. ಅಲ್ಲಿ ಸೈನಿಕರೆಂದರೆ ಬೂಟು, ನೆರಳು, ಬಂದೂಕುಗಳ ಸಾಲು. ಮುಖವಿರುವುದು ಗುಂಡಿಗೆ ಸಿಕ್ಕವರಿಗೆ: ಗಾಯಗೊಂಡ ಮಗುವನ್ನು ಎತ್ತಿಕೊಂಡು ಮೆಟ್ಟಿಲೇರುವ ತಾಯಿಗೆ, ಕನ್ನಡಕದ ಹೆಂಗಸಿಗೆ. ನಮ್ಮ ತಾಲ್ಲೂಕಿನ ವಿದುರಾಶ್ವತ್ಥದಲ್ಲೂ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದರು. ಅದನ್ನು ನೀವು ತೆಗೆಯುವುದಾದರೆ ಕ್ಯಾಮೆರಾ ಎಲ್ಲಿಡುತ್ತೀರಿ ಎಂದು ಕೇಳಿದೆ. ಜನರ ನಡುವೆ ಕುಳಿತ ಮಗುವಿನ ಕಣ್ಣೆತ್ತರದಲ್ಲಿ, ಪೊಲೀಸರ ಮುಖ ಕಾಣಲೇಬಾರದು ಎಂದಳು ಒಬ್ಬ ಹುಡುಗಿ. ಪಕ್ಕದ ಸಾಲಿನ ಹುಡುಗ ಒಪ್ಪಲಿಲ್ಲ: ‘ಮುಖ ತೋರಿಸಲೇಬೇಕು ಸರ್. ಬರೀ ಬೂಟು ತೋರಿಸಿದರೆ ಗುಂಡು ಹಾರಿಸಿ ಎಂದವರು ಯಾರು ಎಂದು ಯಾರೂ ಕೇಳುವುದಿಲ್ಲ.’

ಇಷ್ಟು ವರ್ಷ ಆ ದೃಶ್ಯವನ್ನು ಕೊಂಡಾಡಿಕೊಂಡು ಬಂದ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಇಬ್ಬರಿಗೂ ತಮ್ಮ ತಮ್ಮ ದೃಶ್ಯ ಬರೆದು ತರಲು ಹೇಳಿದ್ದೇನೆ. ಮುಂದಿನ ಶನಿವಾರ ಎರಡನ್ನೂ ವಿದುರಾಶ್ವತ್ಥಕ್ಕೇ ಹೋಗಿ ಓದುತ್ತೇವೆ.