ಗೂಗಲ್‌ನಲ್ಲಿ ಹನ್ನೆರಡನೇ ನಂಬರಿನ ಸೀರೆ ಅಂಗಡಿ

ನಮ್ಮ ಮಾಮಾನ ಸೀರೆ ಅಂಗಡಿ ಇಳಕಲ್‌ನಲ್ಲಿದೆ. ನಾನಿರುವುದು ಬಾಗಲಕೋಟೆಯ ನವನಗರದಲ್ಲಿ. ವೆಬ್‌ಸೈಟ್ ಮಾಡಿಕೊಡುವುದು ನನ್ನ ಹೊಟ್ಟೆಪಾಡು. 2020ರ ಲಾಕ್‌ಡೌನ್‌ನಲ್ಲಿ ನೇಯ್ದ ಸೀರೆಗಳೆಲ್ಲ ಗಂಟಿನಲ್ಲೇ ಕುಳಿತಾಗ ಮಾಮಾ ಫೋನ್ ಮಾಡಿದರು. "ಊರ ಮಂದಿಗೆಲ್ಲಾ ವೆಬ್‌ಸೈಟ್ ಮಾಡಿ ಕೊಡ್ತಿ, ನಮಗೊಂದ ಮಾಡಿ ಕೊಡಾಕ ಏನಾಗೈತೋ ತಮ್ಮಾ?" ಹದಿನೈದು ದಿನದಲ್ಲಿ ಮಾಡಿಕೊಟ್ಟೆ. ಸೈಟ್ ಕಟ್ಟುವುದು ನನಗೆ ಗೊತ್ತಿತ್ತು. ಅಲ್ಲಿಗೆ ಮಂದಿ ಬರುವ ಹಾಗೆ ಮಾಡುವುದು ಗೊತ್ತಿರಲಿಲ್ಲ.

ಮೂರು ತಿಂಗಳಾದ ಮೇಲೆ ಮಾಮಾನ ಫೋನ್ ಮತ್ತೆ ಬಂತು. "ಗೂಗಲ್‌ನಾಗ ಮದಲ್ನೇದ ನಮ್ದ ಬರಾಕತ್ತೈತಿ ನೋಡೋ!" ನನಗೂ ಖುಷಿಯಾಯಿತು. ಆದರೆ ಆರ್ಡರ್ ಮಾತ್ರ ಒಂದೂ ಇಲ್ಲ. ಪುಣೆಯಲ್ಲಿರುವ ಅಕ್ಕನಿಗೆ, ಇಳಕಲ್ ಸೀರೆ ಅಂತ ಇಂಗ್ಲಿಷಿನಲ್ಲಿ ಹಾಕಿ ನೋಡು ಅಂದೆ. ಅರ್ಧ ಗಂಟೆ ಬಿಟ್ಟು ಅವಳ ಮೆಸೇಜ್ ಬಂತು: "ನಿಮ್ಮ ಅಂಗಡಿ ಹುಡುಕೂದ್ರಾಗ ನನ್ನ ಚಹಾ ಆರಿ ಹೋತು." ಮೂರನೇ ಪುಟದಲ್ಲಿ ಸಿಕ್ಕಿತ್ತಂತೆ.

ಆಗಿದ್ದು ಇಷ್ಟೇ. ಮಾಮಾ ಹುಡುಕುತ್ತಿದ್ದದ್ದು ತಮ್ಮ ಅಂಗಡಿಯ ಗಾದಿ ಮೇಲೆ ಕುಳಿತು. ಹುಡುಕುವವರು ಎಲ್ಲಿದ್ದಾರೆ ಅನ್ನುವುದನ್ನು ಗೂಗಲ್ ನೋಡುತ್ತದೆ. ಇಳಕಲ್‌ನಲ್ಲೇ ಕೂತವರಿಗೆ ಇಳಕಲ್‌ನ ಅಂಗಡಿ ತೋರಿಸುವುದರಲ್ಲಿ ದೊಡ್ಡ ಮಾತೇನಿದೆ? ಅಂದಿನಿಂದ ನಮ್ಮ ಫೋನಿನಲ್ಲಿ ನಾವೇ ಹುಡುಕಿ ನಂಬರ್ ನೋಡುವುದನ್ನು ಬಿಟ್ಟೆವು. ಮಾಮಾ ಬಿಟ್ಟಿಲ್ಲ, ಕದ್ದು ನೋಡುತ್ತಾರೆ.

ಸರಿಯಾದ ಲೆಕ್ಕ ಸಿಗುವುದು, ಸೈಟ್ ಇಟ್ಟವರಿಗೆಂದೇ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ. ದುಡ್ಡು ಕೊಡಬೇಕಿಲ್ಲ. ಮಂದಿ ಹಾಕಿ ಹುಡುಕಿದ ಯಾವ ಮಾತಿಗೆ ನಮ್ಮ ಪುಟ ಎಷ್ಟು ಸಲ ಕಾಣಿಸಿತು, ಎಷ್ಟು ಜನ ಒತ್ತಿದರು, ಸರಾಸರಿ ಎಷ್ಟನೇ ಜಾಗದಲ್ಲಿ ಇತ್ತು, ಎಲ್ಲ ಅಲ್ಲಿರುತ್ತದೆ. 16 ತಿಂಗಳಿಗಿಂತ ಹಿಂದಿನದು ಸಿಗುವುದಿಲ್ಲ, ಹಾಗಾಗಿ ನಾನು ತಿಂಗಳಿಗೊಮ್ಮೆ ಇಳಿಸಿ ಇಟ್ಟುಕೊಳ್ಳುತ್ತೇನೆ.

ಎಂಟು ತಿಂಗಳು ಬೆವರು ಸುರಿಸಿ ಆ ದೊಡ್ಡ ಮಾತಿಗೆ, ಅಂದರೆ ಬರೀ 'ಇಳಕಲ್ ಸೀರೆ' ಅನ್ನುವುದಕ್ಕೆ, 27ನೇ ಜಾಗದಿಂದ 12ಕ್ಕೆ ಬಂದೆವು. ಹದಿನೈದು ಮೆಟ್ಟಿಲು ಹತ್ತಿದ ಹಾಗಾಯಿತಲ್ವಾ? ಆ ತಿಂಗಳು ಒತ್ತಿ ಒಳಗೆ ಬಂದವರು ಇಬ್ಬರು. ಅದರಲ್ಲಿ ಒಬ್ಬಳು ನಮ್ಮ ಅಕ್ಕನೇ ಇರಬೇಕು. ಮುಂದೆ 9ಕ್ಕೆ ಬಂದಾಗ 19 ಕ್ಲಿಕ್ ಬಂದವು. ಇಲ್ಲಿ ಒಂದು ಸೂಕ್ಷ್ಮ ಇದೆ. ಗೂಗಲ್ ಒಂದು ಪುಟಕ್ಕೆ ಹತ್ತರ ಹಾಗೆ ಲಿಂಕ್ ತೋರಿಸುತ್ತದೆ, 12 ಅಂದರೆ ಎರಡನೇ ಪುಟ. ಗೂಗಲ್‌ನಲ್ಲಿ ನಮ್ಮ ಲಿಂಕ್ ಇರುವ ಆ ಫಲಿತಾಂಶದ ಪುಟ ತೆರೆದರೆ ಮಾತ್ರ ಗೂಗಲ್ ಅದನ್ನು 'ಕಾಣಿಸಿತು' ಅಂತ ಎಣಿಸುತ್ತದೆ. ಎರಡನೇ ಪುಟಕ್ಕೆ ಹೋಗುವವರೇ ಇಲ್ಲದಿದ್ದರೆ ಎಣಿಕೆಯೂ ಇಲ್ಲ. 12ರಲ್ಲಿ ಇದ್ದಾಗ ತಿಂಗಳಿಗೆ ಸುಮಾರು 150 ಸಲ ಕಾಣಿಸಿದ್ದ ಸೈಟ್ 9ಕ್ಕೆ ಬಂದ ಕೂಡಲೇ 1,400 ಸಲ ಕಾಣಿಸಿತು. ಹುಡುಕುವವರು ಜಾಸ್ತಿ ಆಗಿರಲಿಲ್ಲ. ನಾವು ಅವರ ಕಣ್ಣಳತೆಗೆ ಬಂದಿದ್ದೆವು ಅಷ್ಟೇ. ಒತ್ತಿದವರು ಮಾತ್ರ ನೂರಕ್ಕೆ ಒಬ್ಬರೋ ಒಂದೂವರೆಯೋ.

2006ರಲ್ಲಿ ಅಮೆರಿಕದ ಎಒಎಲ್ ಅನ್ನುವ ಇಂಟರ್ನೆಟ್ ಕಂಪನಿ ಸುಮಾರು ಆರೂವರೆ ಲಕ್ಷ ಬಳಕೆದಾರರ ಹುಡುಕಾಟದ ದಾಖಲೆಯನ್ನು ಹೊರಗೆ ಬಿಟ್ಟು ಚೆನ್ನಾಗಿ ಬೈಸಿಕೊಂಡಿತ್ತು. ಅದನ್ನು ಎಣಿಸಿದವರಿಗೆ ಕಂಡದ್ದು: ಒಟ್ಟು ಕ್ಲಿಕ್‌ಗಳಲ್ಲಿ ಶೇಕಡಾ 42ರಷ್ಟು ಮೊದಲನೆಯವರಿಗೆ, 12ರಷ್ಟು ಎರಡನೆಯವರಿಗೆ, ಹತ್ತನೆಯವರಿಗೆ 3ರ ಹತ್ತಿರ, ಹನ್ನೊಂದನೆಯವರಿಗೆ ಒಂದಕ್ಕಿಂತ ಕಡಿಮೆ. ಹಳೆಯ ಲೆಕ್ಕ ಇದು. ಈಗ ಮೇಲ್ಗಡೆ ಜಾಹೀರಾತು, ಫೋಟೋ, ಮ್ಯಾಪ್ ಎಲ್ಲ ತುಂಬಿಕೊಂಡಿವೆ, ಅಂಕಿ ಬದಲಾಗಿದೆ. ಇಳಿಜಾರು ಮಾತ್ರ ಹಾಗೇ ಇದೆ. ಇದನ್ನು ಮಾಮಾನಿಗೆ ಹೇಳಿದರೆ ಅವರು ಅರ್ಧಕ್ಕೇ ತಡೆದರು. "ಬನಶಂಕರಿ ಜಾತ್ರ್ಯಾಗ ಗುಡಿ ಮುಂದಿನ ಅಂಗಡಿ, ಹೊಂಡದ ಆಚೀಕಿನ ಅಂಗಡಿ ಇದ್ದಂಗ, ಹೌದಲ್ಲೋ?" ಹೌದು ಅಂದೆ. ಇಷ್ಟು ದಿನ ನಾನು ಗ್ರಾಫ್ ತೋರಿಸಿದ್ದೆಲ್ಲ ದಂಡ.

ಈ ನಡುವೆ ಒಂದು ಕಂಪನಿಯವರು ಮಾಮಾನಿಗೆ ಗಂಟು ಬಿದ್ದರು. ಮೊದಲ ಸ್ಥಾನ ಗ್ಯಾರಂಟಿ ಅಂದರು. ನಾನು ಬೇಡ ಅಂದರೂ ಮಾಮಾ ಆರು ತಿಂಗಳ ದುಡ್ಡು ಕಟ್ಟಿಬಿಟ್ಟರು. ಕೊನೆಗೆ ಬಂದ ರಿಪೋರ್ಟಿನಲ್ಲಿ ನಿಜಕ್ಕೂ ಮೊದಲ ಸ್ಥಾನ ಇತ್ತು. ಯಾವ ಮಾತಿಗೆ ಅಂತೀರಿ? ನಮ್ಮ ಅಂಗಡಿಯ ಹೆಸರಿಗೇ. ಆ ಹೆಸರಿನ ಅಂಗಡಿ ಭೂಮಿ ಮೇಲೆ ಇನ್ನೊಂದಿಲ್ಲ, ಎರಡನೇ ಸ್ಥಾನಕ್ಕೆ ಹೋಗುವುದಾದರೂ ಹೇಗೆ? ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಅಂತ ಗೂಗಲ್ ತನ್ನ ಸಲಹೆಗಳಲ್ಲೇ ಬರೆದಿದೆ. ಅದನ್ನು ಮಾಮಾನಿಗೆ ಓದಿ ಹೇಳಿದ್ದು ಮಾತ್ರ ದುಡ್ಡು ಹೋದ ಮೇಲೆ.

ಇನ್ನೊಂದು ನಗೆಪಾಟಲು ಕೇಳಿ. ಕನ್ಸೋಲ್‌ನಲ್ಲಿ 'ಇಳಕಲ್ ಪಿಂಕ್', 'ಇಳಕಲ್ ರೆಡ್' ಅನ್ನುವ ಮಾತುಗಳಿಗೆ ನಾವು 8ನೇ ಜಾಗದಲ್ಲಿ ಇದ್ದೆವು, ಸಾವಿರಾರು ಸಲ ಕಾಣಿಸಿದ್ದೆವು. ಒಬ್ಬರೂ ಒತ್ತಿಲ್ಲ. ಗುಲಾಬಿ ಸೀರೆಯ ಫೋಟೋ ಬದಲಾಯಿಸಿದೆ, ಬೆಲೆ ಹಾಕಿದೆ, ಏನೂ ಆಗಲಿಲ್ಲ. ಒಂದು ರಾತ್ರಿ ಹೊಳೆಯಿತು. ಅವರೆಲ್ಲ ಹುಡುಕುತ್ತಿದ್ದದ್ದು ಗ್ರಾನೈಟ್! ನಮ್ಮೂರ ಕೆಂಪು ಕಲ್ಲು ಆ ಹೆಸರಿನಲ್ಲೇ ದೇಶ ವಿದೇಶಕ್ಕೆ ಹೋಗುತ್ತದೆ. ಮನೆಗೆ ನೆಲ ಹಾಸಲು ಹೊರಟವರಿಗೆ ನಾನು ಸೀರೆ ತೋರಿಸುತ್ತಿದ್ದೆ.

ದಾರಿ ತೋರಿಸಿದವರು ಸೊಲ್ಲಾಪುರದ ಒಬ್ಬ ಅಜ್ಜಿ. ಮೊಮ್ಮಗಳ ಮದುವೆಗೆ ಸೀರೆ ತೆಗೆಯಲು ಬಂದಿದ್ದರು. ಅವತ್ತು ನಾನೂ ಅಂಗಡಿಯಲ್ಲಿದ್ದೆ. ಬಾಗಿಲಲ್ಲೇ ನಿಂತು "ಇರಕಲ್ ಲುಗಡೆ ಆಹೇ ಕಾ?" ಅಂದರು, ಇರಕಲ್ ಸೀರೆ ಇದೆಯಾ ಅಂತ. ಇರಕಲ್! ಮಹಾರಾಷ್ಟ್ರದವರು ನಮ್ಮ ಸೀರೆಗೆ ಹೇಳುವುದೇ ಹಾಗೆ. ಅದೂ ಒಂಬತ್ತು ವಾರಿಯದು ಬೇಕು, ಕಚ್ಚೆ ಹಾಕಿ ಉಡುವುದಕ್ಕೆ. ಮಾಮಾ ಈ ಮಾತನ್ನು ನಲವತ್ತು ವರ್ಷದಿಂದ ಕೇಳುತ್ತಿದ್ದಾರೆ. ನನಗೆ ಹೇಳಬೇಕು ಅಂತ ಅವರಿಗೆ ಅನಿಸಿರಲಿಲ್ಲ, ಕೇಳಬೇಕು ಅಂತ ನನಗೂ ಹೊಳೆದಿರಲಿಲ್ಲ.

ಅವತ್ತು ಸಂಜೆಯೇ ಕುಳಿತು ಮರಾಠಿಯಲ್ಲಿ ಒಂದು ಪುಟ ಬರೆದೆ. ಅಕ್ಕ ತಿದ್ದಿಕೊಟ್ಟಳು. ಇರಕಲ್, ಒಂಬತ್ತು ವಾರಿ, ಕೈಮಗ್ಗ. ತೋಪು ತೆನಿ ಸೆರಗಿನದೊಂದು ಹತ್ತಿರದ ಫೋಟೋ ಹಾಕಿದೆವು, ಕೆಂಪಿನ ಮೇಲೆ ಬಿಳಿ ತೆನೆ ಕೋಟೆಗೋಡೆಯ ಹಲ್ಲಿನ ಹಾಗೆ ಎದ್ದು ಕಾಣುವಂಥದ್ದು. ಮೈ ಮತ್ತು ಸೆರಗು ಸೇರುವ ಕಡೆ ಎಳೆಗೆ ಎಳೆ ಕೊಂಡಿ ಹಾಕಿರುವುದನ್ನು ಬೆರಳಿಟ್ಟು ತೋರಿಸಿದ ಫೋಟೋ ಇನ್ನೊಂದು. ಅಂಚಿನ ನಮೂನೆಗಳಲ್ಲಿ ಗೋಮಿ ದಡಿ ಯಾವುದು, ಪರಾಸಪೇಟ ದಡಿ ಯಾವುದು ಅಂತ ಪಕ್ಕಪಕ್ಕ ಇಟ್ಟೆವು. ಎರಡೂವರೆ ತಿಂಗಳಲ್ಲಿ ಆ ಪುಟ 2ನೇ ಜಾಗಕ್ಕೆ ಬಂತು. ದೊಡ್ಡ ದೊಡ್ಡ ಶಾಪಿಂಗ್ ಸೈಟ್‌ಗಳು ಆ ಮಾತಿನ ಕಡೆ ಅಷ್ಟಾಗಿ ತಲೆ ಹಾಕಿರಲಿಲ್ಲ. ತಿಂಗಳಿಗೆ ಕಾಣಿಸಿದ್ದು 400 ಸಲ, ಒತ್ತಿದವರು 60. ದೊಡ್ಡ ಮಾತಿಗೆ 9ನೇ ಜಾಗದಲ್ಲಿ ಸಿಕ್ಕಿದ್ದರ ಮೂರು ಪಟ್ಟು. ಬಂದವರಲ್ಲಿ ವಾಟ್ಸಾಪ್ ಮಾಡಿ ಬೆಲೆ ಕೇಳಿದವರೂ ಜಾಸ್ತಿ.

ಆಮೇಲೆ ಇಂಥವೇ ಸಣ್ಣ ಸಣ್ಣ ಪುಟ ಮಾಡುತ್ತ ಹೋದೆ. ಚಂದ್ರಕಾಳಿ ಅನ್ನುವ ಕಪ್ಪು ಸೀರೆಗೆ ಒಂದು, ಕಸೂತಿ ಹಾಕಿದ್ದಕ್ಕೆ ಒಂದು, ಕಾಲೇಜಿನ ಎಥ್ನಿಕ್ ಡೇಗೆ ಉಡುವ ಹುಡುಗಿಯರಿಗೆ ಒಂದು. ಮಂದಿ ಬರುವುದು ಹೆಚ್ಚಿತು. ಆದರೆ ಕನ್ಸೋಲ್‌ನ ಮೇಲ್ಗಡೆ ಕಾಣುವ 'ಸರಾಸರಿ ಸ್ಥಾನ' 14ರಿಂದ 23ಕ್ಕೆ ಕುಸಿಯಿತು. ಮೊದಲ ಸಲ ನೋಡಿದಾಗ ಎದೆ ಧಸಕ್ಕೆಂದಿತು. ಕಾರಣ ಸರಳ. ಹೊಸ ಪುಟಗಳು ನೂರಾರು ಹೊಸ ಮಾತುಗಳಿಗೆ ನಲವತ್ತು, ಐವತ್ತನೇ ಜಾಗದಲ್ಲೂ ತಲೆ ತೋರಿಸತೊಡಗಿದ್ದವು. ಎಲ್ಲ ಸೇರಿಸಿ ಭಾಗಿಸಿದರೆ ಸರಾಸರಿ ಕೆಡದೆ ಇರುತ್ತದೆಯೇ? ತರಗತಿಗೆ ಹತ್ತು ಹೊಸ ಮಕ್ಕಳು ಸೇರಿ ಸರಾಸರಿ ಇಳಿದರೆ ಹಳೆಯ ಮಕ್ಕಳ ಮಾರ್ಕ್ಸ್ ಏನೂ ಕಡಿಮೆ ಆಗಿರುವುದಿಲ್ಲ. ಈಗ ನಾನು ಆ ಒಟ್ಟು ಅಂಕಿಯ ಕಡೆ ನೋಡುವುದೇ ಇಲ್ಲ. ಒಂದೊಂದೇ ಮಾತನ್ನು ತೆಗೆದು ನೋಡುತ್ತೇನೆ.

ಆಷಾಢದಲ್ಲೂ ಹೀಗೇ ಹೆದರಿದ್ದೆ. ಕ್ಲಿಕ್ ಅರ್ಧಕ್ಕೆ ಇಳಿದಿತ್ತು. ಸ್ಥಾನ ನೋಡಿದರೆ ಇದ್ದಲ್ಲೇ ಇದೆ. ಕಾಣಿಸಿದ ಸಲಗಳೇ ಕಡಿಮೆ. ಲಗ್ನ ಇಲ್ಲದ ತಿಂಗಳಲ್ಲಿ ಸೀರೆ ಹುಡುಕುವವರು ಯಾರು? ಮಾಮಾ ನಕ್ಕು, "ನಿನ್ನ ಗೂಗಲ್‌ಗೂ ಆಷಾಢ ಐತೇನ?" ಅಂದರು. ಶ್ರಾವಣ ಬಂದ ಮೇಲೆ ತಾನೇ ಸರಿಹೋಯಿತು.

ಜಾಗ ಬದಲಾಗದೆ ಕ್ಲಿಕ್ ಏರಿದ್ದೂ ಉಂಟು. ಕಸೂತಿ ಪುಟ 4ರಲ್ಲೇ ಇತ್ತು. ಅದರ ತಲೆಬರಹದಲ್ಲಿ ಬರೀ 'ಕಸೂತಿ ಸೀರೆ, ಅತ್ಯುತ್ತಮ ಗುಣಮಟ್ಟ' ಅಂತಿತ್ತು. ಅದನ್ನು ತೆಗೆದು 'ಇಳಕಲ್‌ನ ಅಂಗಡಿಯಿಂದ ನೇರ' ಅಂತ ಸೇರಿಸಿ, ಎಷ್ಟು ರೂಪಾಯಿಯಿಂದ ಶುರು ಅನ್ನುವುದನ್ನೂ ಹಾಕಿದೆ. ಎರಡೇ ತಿಂಗಳಲ್ಲಿ ಕ್ಲಿಕ್ ಹೆಚ್ಚುಕಡಿಮೆ ಎರಡು ಪಟ್ಟು.

ಅದರ ಉಲ್ಟಾ ಕಥೆಯೂ ಇದೆ. 'ಇಳಕಲ್ ಸೀರೆ ಒಗೆಯುವುದು ಹೇಗೆ' ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ನಾವೇ ಮೊದಲು, ಈಗಲೂ ನಾವೇ. ಮೊದಲ ಸಲ ಉಪ್ಪು ನೀರಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ ಅಂತ ನಮ್ಮ ಅತ್ತೆ ಹೇಳಿದ್ದನ್ನೇ ಬರೆದಿದ್ದೆ. 2024ರ ಆಗಸ್ಟ್‌ನಲ್ಲಿ ಭಾರತದಲ್ಲೂ ಗೂಗಲ್‌ನ ಎಐ ಉತ್ತರಗಳು ಶುರುವಾದವು. ಈಗ ಲಿಂಕ್‌ಗಳ ಮೇಲ್ಗಡೆ ಉತ್ತರ ರೆಡಿಯಾಗಿ ಬಂದು ಕೂತಿರುತ್ತದೆ. ಓದಿದವರು ಹಾಗೇ ಹೋಗಿಬಿಡುತ್ತಾರೆ. ಆ ಪುಟಕ್ಕೆ ಬರುವವರು ಮೊದಲಿನ ಮೂರನೇ ಒಂದು ಭಾಗಕ್ಕೆ ಇಳಿದಿದ್ದಾರೆ. ಅತ್ತೆಗೆ ಹೇಳಿದರೆ, "ಹೋಗ್ಲಿ ಬಿಡೋ, ಸೀರಿ ಬಣ್ಣ ಉಳೀತಲ್ಲ" ಅಂದರು.

ಈಗ ಮಾಮಾ ಒಂದು ಹೊಸ ರೂಢಿ ಮಾಡಿಕೊಂಡಿದ್ದಾರೆ. ಯಾರೇ ಫೋನ್ ಮಾಡಿ ಬೆಲೆ ಕೇಳಿದರೂ, ಬೆಲೆ ಹೇಳುವ ಮೊದಲು "ನೀವು ಗೂಗಲ್‌ನಾಗ ಏನಂತ ಹಾಕಿ ಹುಡುಕಿದ್ರಿ?" ಅಂತ ಕೇಳುತ್ತಾರೆ. ಅವರು ಹೇಳಿದ್ದನ್ನು ಉದ್ರಿ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಡುತ್ತಾರೆ. ಹೋದ ವಾರ ಹೋದಾಗ ಆ ಹಾಳೆ ನೋಡಿದೆ. ಕೊನೆಯ ಸಾಲಿನಲ್ಲಿ 'ಕೆಂಪು ಸೆರಗಿನ ಅಜ್ಜಿ ಸೀರೆ' ಅಂತಿತ್ತು, ಪಕ್ಕದಲ್ಲಿ ಬೆಂಗಳೂರು ಅಂತ. ಕನ್ಸೋಲ್ ತೆಗೆದು ನೋಡಿದೆ. ಆ ಮಾತು ನಮ್ಮ ಪಟ್ಟಿಯಲ್ಲೇ ಇಲ್ಲ. ಮಾಮಾ ಅಟ್ಟದಿಂದ ಹಳೆಯ ಒಂದು ಕೆಂಪು ಸೆರಗಿನ ಸೀರೆ ಇಳಿಸಿ, ಫೋಟೋ ತೆಗಿ ಅಂತ ಬಾಗಿಲ ಬೆಳಕಿಗೆ ಹಿಡಿದು ನಿಂತರು.