ಕಾಯಿಲ್‌ಓವರ್ ಹಾಕ್ಸಿದ ಮೇಲೆ ಹೈಟ್ ಅಳೆಯೋದು

ಕಾಯಿಲ್‌ಓವರ್ ಅಂದ್ರೆ ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಟ್ಟಿಗಿರೋ, ಗಾಡಿ ಹೈಟ್ ಏರಿಸಿ ಇಳಿಸಕ್ಕಾಗೋ ಸಸ್ಪೆನ್ಷನ್. ಗಾಡಿ ಹೈಟ್ ನೆಲದಿಂದ ಅಳೀಬೇಡಿ, ವ್ಹೀಲ್ ಸೆಂಟರ್‌ನಿಂದ ನೇರ ಮೇಲೆ ಫೆಂಡರ್ (ಚಕ್ರದ ಮೇಲಿರೋ ಬಾಡಿ ತಗಡು) ಅಂಚಿನವರೆಗೆ ಟೇಪ್ ಹಿಡೀರಿ, ಆಗ ಟೈರ್‌ಗೆ ಗಾಳಿ ಹೆಚ್ಚುಕಮ್ಮಿ ಇದ್ರೂ ಅಳತೆ ಕೆಡಲ್ಲ. ಜಾಕ್ ಇಳಿಸಿದ ತಕ್ಷಣ ಅಳೆದ್ರೆ ಸರಿಯಾಗಿ ಬರಲ್ಲ, ಟೈರ್ ನೆಲ ಕಚ್ಕೊಂಡು ಪಕ್ಕಕ್ಕೆ ಸರಿಯದೆ ಗಾಡಿ ಮೇಲೇ ನಿಂತಿರುತ್ತೆ, ಅದಕ್ಕೇ ರಿಂಗ್ ರೋಡಲ್ಲಿ ಒಂದು ರೌಂಡ್ ಹೊಡ್ಕೊಂಡು ಬಂದು ಸಮತಟ್ಟು ಜಾಗದಲ್ಲಿ ನಿಲ್ಸಿ ಅಳೀರಿ. ಲೋವರ್ ಆರ್ಮ್ (ಚಕ್ರನ ಕೆಳಗಡೆಯಿಂದ ಗಾಡಿಗೆ ಜೋಡಿಸೋ ತೋಳು) ಬೋಲ್ಟ್ ಫೈನಲ್ ಟೈಟ್ ಗಾಡಿ ತೂಕ ಚಕ್ರದ ಮೇಲೆ ಬಿದ್ದಿರೋವಾಗ್ಲೇ ಮಾಡ್ಸಿ, ಮೆಕ್ಯಾನಿಕ್ ಎಷ್ಟೇ ಅವಸರ ಮಾಡಿದ್ರೂ ಇದನ್ನ ಬಿಡ್ಬೇಡಿ, ಚಕ್ರ ನೇತಾಡ್ತಿರೋವಾಗ ಟೈಟ್ ಮಾಡಿದ್ರೆ ಆ ಆರ್ಮ್ ಜಾಯಿಂಟಲ್ಲಿರೋ ರಬ್ಬರ್ ಬುಷ್ ತಿರುಚ್ಕೊಂಡು ಬೇಗ ಹರಿದೋಗುತ್ತೆ. ಆಕ್ಸಿಡೆಂಟಾಗಿ ಫೆಂಡರ್ ಟಿಂಕರಿಂಗ್ ಆಗಿರೋ ಗಾಡೀಲಿ ಮಾತ್ರ ಎಡ ಬಲ ಹೋಲ್ಸಕ್ಕೆ ಈ ಅಳತೆ ನಂಬಕ್ಕಾಗಲ್ಲ. ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿ ಮಾಡ್ಸೋದು) ಹೈಟ್ ಫೈನಲ್ ಆದ್ಮೇಲೇ ಮಾಡ್ಸಿ.