ಹಳೇ ಪಿಸಿಯಲ್ಲಿ ಗೇಮ್ ಜರ್ಕ್ ಹೊಡೆದರೆ: ಕಾರ್ಡ್ ಬದಲಿಸುವ ಮೊದಲು ನಾನು ನೋಡಿದ್ದು

ನನ್ನ ಪಿಸಿ 2017ರದು. ಇಂಟೆಲ್ ಐ5-7400 ಪ್ರೊಸೆಸರ್, ಜಿಟಿಎಕ್ಸ್ 1060 ಆರು ಜಿಬಿ ಗ್ರಾಫಿಕ್ಸ್ ಕಾರ್ಡ್, 8 ಜಿಬಿ ರ‍್ಯಾಮ್, ಒಂದು ಟಿಬಿ ಹಾರ್ಡ್ ಡಿಸ್ಕ್. ಆಗ ಕಲಬುರಗಿಯ ನಮ್ಮ ಗೆಳೆಯರ ಗುಂಪಿನಲ್ಲಿ ಇದೇ ದೊಡ್ಡ ಮಷೀನ್. ಈಗಲೂ ಜಿಟಿಎ ಫೈವ್ ಗೇಮ್ ಹಾಕಿದರೆ ಮೂಲೆಯಲ್ಲಿ, ಸೆಕೆಂಡಿಗೆ ಎಷ್ಟು ಚಿತ್ರ ಅಂತ ಹೇಳುವ ಎಫ್‌ಪಿಎಸ್ 60ರ ಆಸುಪಾಸು ತೋರಿಸುತ್ತದೆ. ಆದರೆ ಹೋದ ಬೇಸಿಗೆಯಲ್ಲಿ ಕಾರು ಓಡಿಸುವಾಗ ಚಿತ್ರ ಒಂದು ಕ್ಷಣ ನಿಂತು, ಆಮೇಲೆ ಮುಂದಕ್ಕೆ ಹಾರುತ್ತಿತ್ತು. ತಿರುವಿನಲ್ಲಿ ಹಾಗಾದರೆ ಕಾರು ಸೀದಾ ಗೋಡೆಗೆ.

ಅಂಗಡಿಯಲ್ಲಿ ಕೇಳಿದರೆ ಒಂದೇ ಉತ್ತರ. "ಕಾರ್ಡ್ ಹಳೇದಾಗ್ಯಾದ್ರಿ, ಹೊಸಾದು ಹಾಕ್ರಿ." ಹೊಸ ಕಾರ್ಡ್ ಅಂದ್ರೆ ಇಪ್ಪತ್ತು ಸಾವಿರದ ಮೇಲಿನ ಮಾತು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಕಾರ್ಡ್‌ಗೆ ಶಕ್ತಿ ಸಾಲದಿದ್ದರೆ ಗೇಮ್ ಶುರುವಿನಿಂದ ಕೊನೆವರೆಗೆ ನಿಧಾನವಾಗಿರಬೇಕು, ಅಲ್ವಾ? ಚೆನ್ನಾಗಿ ಓಡುತ್ತಾ ಓಡುತ್ತಾ ನಡುವೆ ಸಿಕ್ಕಿಕೊಳ್ಳುವುದು ಬೇರೆ ರೋಗ. ರೋಗ ಬೇರೆಯಾದರೆ ಔಷಧಿಯೂ ಬೇರೆ ಇರಬೇಕು.

ಎಫ್‌ಪಿಎಸ್ ಅಂಕಿಯನ್ನು ನಂಬಿದರೆ ಈ ರೋಗ ಕಾಣುವುದೇ ಇಲ್ಲ. ಸೆಕೆಂಡಿಗೆ 60 ಚಿತ್ರ ಅಂದ್ರೆ ಒಂದೊಂದು ಚಿತ್ರಕ್ಕೆ ಸುಮಾರು 16.7 ಮಿಲಿಸೆಕೆಂಡ್. ಆ ಸೆಕೆಂಡಿನಲ್ಲಿ ಒಂದೇ ಒಂದು ಚಿತ್ರ 100 ಮಿಲಿಸೆಕೆಂಡ್ ತೆಗೆದುಕೊಂಡಿತು ಅಂತ ಇಟ್ಟುಕೊಳ್ಳಿ. ಉಳಿದ 900 ಮಿಲಿಸೆಕೆಂಡಿನಲ್ಲಿ 54 ಚಿತ್ರ ಆರಾಮಾಗಿ ಬರುತ್ತವೆ. ಒಟ್ಟು 55. ಅಂಕಿ ನೋಡಿದವರು ಚೆನ್ನಾಗಿದೆ ಅನ್ನುತ್ತಾರೆ. ಕಣ್ಣಿಗೆ ಮಾತ್ರ ಆ ಒಂದು ಚಿತ್ರ ಚುಚ್ಚುತ್ತದೆ. ಹಾಗಾಗಿ ನೋಡಬೇಕಾದ್ದು ಫ್ರೇಮ್‌ಟೈಮ್, ಅಂದ್ರೆ ಒಂದೊಂದು ಚಿತ್ರಕ್ಕೆ ಎಷ್ಟು ಹೊತ್ತು ಹಿಡಿಯಿತು ಅನ್ನುವ ಲೆಕ್ಕ.

ಇದಕ್ಕೆ ದುಡ್ಡು ಬೇಕಿಲ್ಲ. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ತಂತ್ರಾಂಶ ಹಾಕಿಕೊಂಡೆ, ಅದರ ಜೊತೆಗೇ ಅಂಕಿಗಳನ್ನು ಪರದೆ ಮೇಲೆ ತೋರಿಸುವ ರಿವಾಟ್ಯೂನರ್ ಬರುತ್ತದೆ. ಫ್ರೇಮ್‌ಟೈಮ್ ಅನ್ನು ಅಂಕಿಯಾಗಿ ಅಲ್ಲ, ಗ್ರಾಫ್ ಆಗಿ ಪರದೆ ಮೇಲೆ ತೋರಿಸಲು ಹೇಳಿದೆ. ಪಕ್ಕದಲ್ಲಿ ಕಾರ್ಡ್‌ನ ಬಿಸಿ, ಕಾರ್ಡ್‌ನ ಬಳಕೆ, ಪ್ರೊಸೆಸರ್‌ನ ನಾಲ್ಕೂ ಕೋರ್‌ಗಳ ಬಳಕೆ, ಕ್ಲಾಕ್ (ಅದು ಓಡುವ ವೇಗ), ಬಿಸಿ, ರ‍್ಯಾಮ್ ಎಷ್ಟು ತುಂಬಿದೆ, ಇಷ್ಟೂ ಬರುವ ಹಾಗೆ ಮಾಡಿದೆ. ಗೆರೆ ಸಪಾಟಾಗಿದ್ದರೆ ಗೇಮ್ ನುಣ್ಣಗೆ ಓಡುತ್ತಿದೆ. ಗೆರೆ ಎಲ್ಲಿ ಚಿಮ್ಮುತ್ತದೋ ಅಲ್ಲೇ ಜರ್ಕ್. ಅದು ಚಿಮ್ಮಿದ ಕ್ಷಣದಲ್ಲಿ ಪಕ್ಕದ ಅಂಕಿಗಳಲ್ಲಿ ಯಾವುದು ಬದಲಾಯಿತು ಅಂತ ನೋಡುವುದೇ ಇಡೀ ಕೆಲಸ.

ಪ್ರತಿಸಲ ಒಂದೇ ದಾರಿಯಲ್ಲಿ ಓಡಿಸಿದೆ. ಗೇಮ್‌ನಲ್ಲಿ ವಿಮಾನ ನಿಲ್ದಾಣದಿಂದ ಹೆದ್ದಾರಿ ಹಿಡಿದು ಊರೊಳಗೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಒಟ್ಟಿಗೆ ನಾಲ್ಕು ಸೆಟ್ಟಿಂಗ್ ತಿರುಗಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ, ಮುಂದಿನ ಸಲ ಮತ್ತೆ ಮೊದಲಿಂದ ಶುರು ಮಾಡಬೇಕು.

ನೋಡ್ತಾ ನೋಡ್ತಾ ಜರ್ಕ್‌ನಲ್ಲಿ ಜಾತಿಗಳಿವೆ ಅಂತ ಕಾಣಿಸಿತು. ಒಂದು ಜಾತಿ ಗೇಮ್ ಶುರುವಾದಾಗ ಇರುವುದೇ ಇಲ್ಲ, ಇಪ್ಪತ್ತು ನಿಮಿಷ ಆದಮೇಲೆ ಬರುತ್ತದೆ, ಹೊತ್ತು ಹೋದಂತೆ ಹೆಚ್ಚುತ್ತದೆ. ಇನ್ನೊಂದು ಜೋರಾಗಿ ಓಡಿಸಿದಾಗ ಮಾತ್ರ. ಮತ್ತೊಂದು ಹೊಸ ಜಾಗ ಅಥವಾ ಹೊಸ ಸ್ಫೋಟ ಮೊದಲ ಸಲ ಕಂಡಾಗ ಮಾತ್ರ. ನನ್ನ ಮಷೀನ್‌ನಲ್ಲಿ ಮೂರೂ ಒಟ್ಟಿಗೆ ಕೂತಿದ್ದವು. ಒಂದನ್ನು ಹೋಗಲಾಡಿಸಿದಾಗ ಇನ್ನೊಂದು ಸ್ಪಷ್ಟವಾಗುತ್ತಿತ್ತು.

ಮೊದಲು ಬಿಸಿ. ನಮ್ಮೂರಲ್ಲಿ ಇದನ್ನೇ ಮೊದಲು ನೋಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 42, 43 ಡಿಗ್ರಿ ಸಾಮಾನ್ಯ. ಆರ್‌ಸಿಸಿ ಛಾವಣಿಯ ಕೆಳಗಿನ ಕೋಣೆಯಲ್ಲಿ ಸಂಜೆಯಾದರೂ 38ರಷ್ಟು ಇರುತ್ತದೆ. ಫ್ಯಾನ್ ಕೋಣೆಯ ಗಾಳಿಯನ್ನೇ ಚಿಪ್‌ಗೆ ಬೀಸುತ್ತದೆ, ಆ ಗಾಳಿಗಿಂತ ತಂಪು ಮಾಡಲು ಅದಕ್ಕೆ ಆಗುವುದಿಲ್ಲ. ಡಿಸೆಂಬರ್‌ನಲ್ಲಿ ಕೋಣೆ 24 ಇದ್ದಾಗ ಪ್ರೊಸೆಸರ್ 75ರಲ್ಲಿ ಇತ್ತು ಅಂದ್ರೆ, ಅದೇ ಗೇಮ್‌ಗೆ ಮೇ ತಿಂಗಳಲ್ಲಿ 90ರ ಹತ್ತಿರ ಹೋಗುತ್ತದೆ. ಅದರ ಮೇಲೆ ಧೂಳು ಸೇರಿದರೆ ಮುಗೀತು. ಈ ಪ್ರೊಸೆಸರ್‌ಗೆ 100 ಡಿಗ್ರಿ ಗಡಿ. ಅಲ್ಲಿಗೆ ಮುಟ್ಟಿದರೆ ಸುಟ್ಟುಹೋಗಬಾರದು ಅಂತ ತಾನೇ ಕ್ಲಾಕ್ ಇಳಿಸಿಕೊಳ್ಳುತ್ತದೆ, ಸ್ವಲ್ಪ ತಣ್ಣಗಾದರೆ ಮತ್ತೆ ಏರಿಸುತ್ತದೆ. ಈ ಏರಿಳಿತವೇ ಪರದೆ ಮೇಲೆ ಜರ್ಕ್ ಆಗಿ ಕಾಣುವುದು. ಎಚ್‌ಡಬ್ಲ್ಯೂಇನ್ಫೋ ಅನ್ನುವ ಉಚಿತ ತಂತ್ರಾಂಶದಲ್ಲಿ ಬಿಸಿಗೆ ಹೀಗೆ ಕ್ಲಾಕ್ ಇಳಿದಿದೆಯಾ ಅಂತ ಹೇಳುವ ಥರ್ಮಲ್ ಥ್ರಾಟ್ಲಿಂಗ್ ಅನ್ನುವ ಸಾಲು ಇರುತ್ತದೆ. ನನ್ನದರಲ್ಲಿ ಅಲ್ಲಿ 'ಯೆಸ್' ಅಂತ ಬಂದಿತ್ತು. ಅನುಮಾನಕ್ಕೆ ಜಾಗ ಉಳಿಯಲಿಲ್ಲ.

ಕ್ಯಾಬಿನೆಟ್ ಹೊರಗೆ ಕಟ್ಟೆ ಮೇಲೆ ತಂದು ಬಿಚ್ಚಿದೆ. ಮೇಲಿಂದ ನೋಡಿದರೆ ಫ್ಯಾನ್ ಅಷ್ಟೇನೂ ಕೊಳಕಾಗಿರಲಿಲ್ಲ. ಪ್ರೊಸೆಸರ್ ಮೇಲಿನ ಕೂಲರ್‌ನಿಂದ ಫ್ಯಾನ್ ಬಿಡಿಸಿದ ಮೇಲೆ ನಿಜ ಗೊತ್ತಾಯಿತು. ಫ್ಯಾನ್‌ಗೂ ಅಲ್ಯೂಮಿನಿಯಂ ರೆಕ್ಕೆಗಳಿಗೂ ನಡುವೆ ಧೂಳು, ಕೂದಲು, ಹತ್ತಿಯ ಎಳೆ ಎಲ್ಲಾ ಸೇರಿ ಬೂದು ಬಣ್ಣದ ದಪ್ಪ ಪದರ ಕಟ್ಟಿತ್ತು. ಬೆರಳಿಂದ ಎತ್ತಿದರೆ ಇಡಿಯಾಗಿ ಎದ್ದು ಬಂತು. ಗಾಳಿ ಕೆಳಗಿಳಿಯಲು ದಾರಿಯೇ ಇರಲಿಲ್ಲ. ಹೊರಗಿಂದ ಬ್ಲೋವರ್ ಹೊಡೆದು ಕೈ ತೊಳೆದುಕೊಳ್ಳುವವರಿಗೆ ಈ ಪದರ ಸಿಗುವುದೇ ಇಲ್ಲ, ಫ್ಯಾನ್ ಬಿಡಿಸಲೇಬೇಕು. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿಂದ ಒತ್ತಿ ಹಿಡಿಯಿರಿ. ಬಿಟ್ಟರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಕೂಲರ್ ತೆಗೆದು ನೋಡಿದರೆ, ಪ್ರೊಸೆಸರ್ ಬಿಸಿಯನ್ನು ಕೂಲರ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿತ್ತು. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಬಟ್ಟೆ ಅದ್ದಿ ಎರಡೂ ಕಡೆ ಒರೆಸಿದೆ. ಹೊಸ ಪೇಸ್ಟ್ ನಡುವೆ ಒಂದು ತೊಗರಿ ಕಾಳಿನಷ್ಟು ಇಟ್ಟರೆ ಸಾಕು, ಕೂಲರ್ ಒತ್ತಿದಾಗ ತಾನೇ ಹರಡುತ್ತದೆ. ಇಂಟೆಲ್ ಜೊತೆ ಬರುವ ಕೂಲರ್‌ನ ನಾಲ್ಕು ಪ್ಲಾಸ್ಟಿಕ್ ಪಿನ್‌ಗಳನ್ನು ಮಾತ್ರ ಹುಷಾರಾಗಿ ಕೂರಿಸಬೇಕು. ಎದುರು-ಬದುರಾಗಿ ಎರಡೆರಡು ಒತ್ತಬೇಕು, ನಾಲ್ಕೂ ಟಕ್ ಅನ್ನಬೇಕು. ಒಂದು ಸಡಿಲ ಉಳಿದರೂ ಕೂಲರ್ ಒಂದು ಕಡೆ ಎದ್ದು ನಿಲ್ಲುತ್ತದೆ, ಬಿಸಿ ಮೊದಲಿಗಿಂತ ಜಾಸ್ತಿಯಾಗುತ್ತದೆ.

ಕ್ಯಾಬಿನೆಟ್ ಇಡುವ ಜಾಗವನ್ನೂ ಬದಲಿಸಿದೆ. ಶಹಾಬಾದ್ ಕಲ್ಲಿನ ನೆಲದ ಮೇಲೆ, ಗೋಡೆಗೆ ಅಂಟಿಸಿ ಇಟ್ಟಿದ್ದೆವು. ಕಸ ಗುಡಿಸುವಾಗ ಎದ್ದ ಧೂಳೆಲ್ಲ ಮುಂದಿನ ಫ್ಯಾನ್ ಎಳೆದುಕೊಳ್ಳುತ್ತಿತ್ತು. ಈಗ ಸಣ್ಣ ಸ್ಟೂಲ್ ಮೇಲಿದೆ, ಹಿಂದೆ ಒಂದು ಗೇಣು ಜಾಗ ಬಿಟ್ಟಿದ್ದೇನೆ. ಇನ್ನೊಂದು ಮಾತು ನಮ್ಮ ಕಡೆಯವರಿಗೇ ಹೇಳಬೇಕಾದ್ದು. ನೀರಿನ ಕೂಲರ್ ಹಚ್ಚಿದರೆ ಕೋಣೆ ತಂಪಾಗುತ್ತದೆ, ಪಿಸಿಗೂ ಒಳ್ಳೇದೇ. ಆದರೆ ಕೂಲರ್ ಬಾಯಿ ಸೀದಾ ಕ್ಯಾಬಿನೆಟ್ ಕಡೆ ತಿರುಗಿಸಬೇಡಿ. ನಮ್ಮ ಬೋರ್ ನೀರು ಗಡಸು, ಕೂಲರ್ ಹುಲ್ಲಿನ ಮೇಲೆ ಬಿಳಿ ಉಪ್ಪು ಕಟ್ಟುವುದನ್ನು ನೀವೇ ನೋಡಿರುತ್ತೀರಿ. ತುಂತುರು ಹನಿಯ ಜೊತೆ ಅದೇ ಉಪ್ಪು ಪಿಸಿಯ ಮದರ್‌ಬೋರ್ಡ್ ಮೇಲೆ ಹೋಗಿ ಕೂರುತ್ತದೆ.

ಗ್ರಾಫಿಕ್ಸ್ ಕಾರ್ಡ್‌ಗೂ ಇದೇ ಉಪಚಾರ ಮಾಡಿದೆ. ಅದರ ಜೊತೆ ಆಫ್ಟರ್‌ಬರ್ನರ್‌ನಲ್ಲಿ ಪವರ್ ಲಿಮಿಟ್, ಅಂದ್ರೆ ಕಾರ್ಡ್ ಎಳೆಯುವ ವಿದ್ಯುತ್ತಿನ ಮಿತಿ, ಶೇಕಡಾ 100ರಿಂದ 80ಕ್ಕೆ ಇಳಿಸಿದೆ. ಕೆಲವು ಎಫ್‌ಪಿಎಸ್ ಹೋಯಿತು, ಆದರೆ ಕಾರ್ಡ್ ತಣ್ಣಗಾಯಿತು, ಕ್ಲಾಕ್ ಒಂದೇ ಕಡೆ ನಿಂತಿತು. ಬೇಸಿಗೆ ಮುಗಿಯುವವರೆಗೆ ಹಾಗೇ ಇಟ್ಟೆ. ಇಷ್ಟಾದ ಮೇಲೆ ಇಪ್ಪತ್ತು ನಿಮಿಷಕ್ಕೆ ಬರುತ್ತಿದ್ದ ಜರ್ಕ್ ಪೂರ್ತಿ ನಿಂತಿತು.

ಜೋರಾಗಿ ಓಡಿಸಿದಾಗ ಬರುವುದು ಉಳಿದಿತ್ತು. ಗ್ರಾಫ್ ಚಿಮ್ಮಿದಾಗ ನೋಡಿದರೆ ರ‍್ಯಾಮ್ 7.6 ಜಿಬಿ ತುಂಬಿತ್ತು, ಡಿಸ್ಕ್ 100 ಶೇಕಡಾ ಓಡುತ್ತಿತ್ತು. ಅಂದ್ರೆ ರ‍್ಯಾಮ್‌ನಲ್ಲಿ ಜಾಗವಿಲ್ಲದೆ ವಿಂಡೋಸ್ ಅಲ್ಲಿನ ಮಾಹಿತಿಯನ್ನು ಹಾರ್ಡ್ ಡಿಸ್ಕ್ ಮೇಲೆ ಇಳಿಸಿ ಏರಿಸುತ್ತಿದೆ. ಅದೇ ಡಿಸ್ಕ್‌ನಿಂದಲೇ ಗೇಮ್ ಮುಂದಿನ ಬೀದಿಯ ಚಿತ್ರಗಳನ್ನೂ ತರಬೇಕು. ಹಾರ್ಡ್ ಡಿಸ್ಕ್‌ನ ಮುಳ್ಳು ಅಲ್ಲಿಂದ ಇಲ್ಲಿಗೆ ಓಡಾಡುವಷ್ಟರಲ್ಲಿ ಕಾರು ಆ ಬೀದಿಗೆ ಬಂದಾಗಿರುತ್ತದೆ.

ನನ್ನ ರ‍್ಯಾಮ್ 8 ಜಿಬಿಯ ಒಂದೇ ಕಡ್ಡಿ. ಪ್ರೊಸೆಸರ್‌ಗೂ ರ‍್ಯಾಮ್‌ಗೂ ಎರಡು ದಾರಿ ಇದ್ದು, ಒಂದೇ ಬಳಕೆಯಲ್ಲಿತ್ತು. ನನ್ನಲ್ಲಿರುವ ಡಿಡಿಆರ್4-2400 ಬಗೆಯ ರ‍್ಯಾಮ್‌ನಲ್ಲಿ ಒಂದು ಕಡ್ಡಿಗೆ ಸೆಕೆಂಡಿಗೆ ಹೆಚ್ಚೆಂದರೆ 19.2 ಜಿಬಿ, ಎರಡು ಕಡ್ಡಿಗೆ 38.4. ಇನ್ನೊಂದು 8 ಜಿಬಿ, ಅದೇ ವೇಗದ್ದು, ಹುಡುಕಿದೆ. ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆ ಕಡೆ ಸಿಗಲಿಲ್ಲ. ಬೇರೆ ಕೆಲಸಕ್ಕೆ ಹೈದರಾಬಾದಿಗೆ ಹೋದಾಗ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್‌ನಲ್ಲಿ ತೆಗೆದುಕೊಂಡೆ. ನಮ್ಮ ಕಡೆಯ ಹುಡುಗರಿಗೆ ಬಿಡಿಭಾಗ ಅಂದ್ರೆ ಕೊನೆಗೆ ಅದೇ ಗತಿ. ಬೋರ್ಡ್‌ನಲ್ಲಿ ನಾಲ್ಕು ಸ್ಲಾಟ್ ಇದ್ದರೆ ಸಾಮಾನ್ಯವಾಗಿ ಎರಡನೇದು, ನಾಲ್ಕನೇದರಲ್ಲಿ ಹಾಕಬೇಕು, ಬೋರ್ಡ್‌ನ ಪುಸ್ತಕದಲ್ಲಿ ಬರೆದಿರುತ್ತದೆ. ಹಾಕಿದ ಮೇಲೆ ಸಿಪಿಯು-ಝಡ್ ಅನ್ನುವ ತಂತ್ರಾಂಶದಲ್ಲಿ ಎರಡು ಚಾನೆಲ್ ಅಂತ ತೋರಿಸುತ್ತಿದೆಯಾ ನೋಡಿ. ಇಡೀ ಈ ಕೆಲಸದಲ್ಲಿ ದುಡ್ಡಿಗೆ ತಕ್ಕ ಫಲ ಅತಿ ಹೆಚ್ಚು ಕೊಟ್ಟಿದ್ದು ಈ ಕಡ್ಡಿಯೇ.

ಡಿಸ್ಕ್‌ನ ಆರೋಗ್ಯ ಹೇಳುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶದಲ್ಲಿ ನೋಡಿದರೆ ಹಳದಿ ಎಚ್ಚರಿಕೆ ಬಂತು, ರಿಅಲೊಕೇಟೆಡ್ ಸೆಕ್ಟರ್‌ಗಳು, ಅಂದ್ರೆ ಕೆಟ್ಟುಹೋಗಿ ಬದಲಿ ಕೊಟ್ಟ ಜಾಗಗಳು. ಇಂಥ ಡಿಸ್ಕ್ ಕೆಟ್ಟ ಜಾಗವನ್ನು ಓದಲು ಮತ್ತೆ ಮತ್ತೆ ಪ್ರಯತ್ನಿಸುತ್ತಾ ನಿಂತುಬಿಡುತ್ತದೆ. ತಿರುಗುವ ಭಾಗವೇ ಇಲ್ಲದ, ವೇಗದ ಡ್ರೈವ್ ಆದ ಸಾಟಾ ಎಸ್‌ಎಸ್‌ಡಿ ತಂದು ವಿಂಡೋಸ್ ಮತ್ತು ಈಗ ಆಡುತ್ತಿರುವ ಗೇಮ್ ಎರಡನ್ನೂ ಅದರಲ್ಲಿ ಹಾಕಿದೆ. ಮದುವೆ ಫೋಟೋ, ವಿಡಿಯೋ ಎಲ್ಲಾ ಮೊದಲು ಬೇರೆ ಕಡೆ ನಕಲು ಮಾಡಿ ಹಳೇ ಡಿಸ್ಕ್ ಬಿಚ್ಚಿಟ್ಟೆ. ಹಳದಿ ಬಣ್ಣ ಕಂಡವರು ಗೇಮ್ ಯೋಚನೆ ಬಿಟ್ಟು ಮೊದಲು ಫೋಟೋ ಉಳಿಸಿಕೊಳ್ಳಿ.

ಇನ್ನು ಮೂರನೇ ಜಾತಿ. ಅನ್‌ರಿಯಲ್ ಎಂಜಿನ್ ಅನ್ನುವ ತಂತ್ರಾಂಶದಿಂದ ಕಟ್ಟಿದ ಕೆಲವು ಹೊಸ ಗೇಮ್‌ಗಳಲ್ಲಿ, ವಿಂಡೋಸ್‌ನ ಗ್ರಾಫಿಕ್ಸ್ ವ್ಯವಸ್ಥೆಯಾದ ಡೈರೆಕ್ಟ್‌ಎಕ್ಸ್ 12ರಲ್ಲಿ, ಹೊಸ ಆಯುಧ ಹೊಡೆದಾಗ ಅಥವಾ ಹೊಸ ಕೋಣೆಗೆ ಕಾಲಿಟ್ಟಾಗ ಟಕ್ ಅಂತ ನಿಲ್ಲುತ್ತದೆ. ಇದು ಶೇಡರ್ ಕೆಲಸ. ಬೆಳಕು, ಹೊಗೆ, ನೀರು ಬಿಡಿಸುವ ಸಣ್ಣ ಪ್ರೋಗ್ರಾಂಗಳನ್ನು ನಿಮ್ಮ ಕಾರ್ಡ್‌ಗೆ ತಕ್ಕ ಹಾಗೆ ಆ ಕ್ಷಣದಲ್ಲೇ ತಯಾರಿಸಬೇಕಾಗುತ್ತದೆ, ಆ ಭಾರ ಪ್ರೊಸೆಸರ್ ಮೇಲೆ. ಪರೀಕ್ಷೆ ಸುಲಭ. ಅದೇ ಜಾಗವನ್ನು ಎರಡನೇ ಸಲ ಆಡಿ. ನುಣ್ಣಗೆ ಓಡಿದರೆ ಅದು ಶೇಡರ್‌ದೇ. ಗೇಮ್ ಮೊದಲ ಸಲ ತೆರೆದಾಗ 'ಕಂಪೈಲಿಂಗ್ ಶೇಡರ್ಸ್' ಪಟ್ಟಿ ಬಂದರೆ ಮುಗಿಯುವವರೆಗೆ ಕಾಯಿರಿ, ಹಳೇ ಪ್ರೊಸೆಸರ್‌ನಲ್ಲಿ ಅದಕ್ಕೆ ಹೊತ್ತು ಹಿಡಿಯುತ್ತದೆ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಶೇಡರ್ ಕ್ಯಾಶ್ ಸೈಜ್, ಅಂದ್ರೆ ತಯಾರಾದ ಶೇಡರ್ ಉಳಿಸಿಡುವ ಜಾಗ, 10 ಜಿಬಿಗೆ ಏರಿಸಿದೆ. ಪಿಸಿ ಕ್ಲೀನ್ ಮಾಡುತ್ತೇವೆ ಅನ್ನುವ ತಂತ್ರಾಂಶಗಳನ್ನೆಲ್ಲ ತೆಗೆದು ಹಾಕಿದೆ. ಅವು ತಯಾರಾಗಿದ್ದ ಶೇಡರ್‌ಗಳನ್ನೂ ಕಸ ಅಂತ ಗುಡಿಸಿ ಬಿಡುತ್ತವೆ, ಆಮೇಲೆ ಎಲ್ಲಾ ಹೊಸದಾಗಿ ಆಗಬೇಕು.

ಹಿಂಬದಿಯಲ್ಲಿ ಓಡುವ ಸಣ್ಣಪುಟ್ಟವುಗಳನ್ನೂ ನಿಲ್ಲಿಸಿದೆ. ವಿಂಡೋಸ್‌ನ ಗೇಮ್ ಬಾರ್ ಮಾಡುವ ಹಿನ್ನೆಲೆ ರೆಕಾರ್ಡಿಂಗ್, ಇಪ್ಪತ್ತು ಟ್ಯಾಬ್ ತೆರೆದ ಬ್ರೌಸರ್, ಎರಡನೇ ಆಂಟಿವೈರಸ್. ನಾಲ್ಕು ಕೋರ್, ನಾಲ್ಕೇ ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು) ಇರುವ ಪ್ರೊಸೆಸರ್‌ಗೆ ಇವೆಲ್ಲ ಭಾರವೇ.

ಪಕ್ಕದ ಮನೆ ಹುಡುಗ ಇದನ್ನೆಲ್ಲ ನೋಡಿ ಕೇಳಿದ, "ಅಣ್ಣಾ, ವೋಲ್ಟೇಜ್ ಕಮ್ಮಿ ಬರ್ತದಲ್ಲ, ಅದಕ್ಕೇ ಇರಬೇಕು?" ನಮ್ಮೂರಲ್ಲಿ ಎಲ್ಲದಕ್ಕೂ ವೋಲ್ಟೇಜ್ ಮೇಲೆ ಹಾಕುವುದು ರೂಢಿ. ಆದರೆ ವೋಲ್ಟೇಜ್ ಬಿದ್ದರೆ ಸಾಮಾನ್ಯವಾಗಿ ಪಿಸಿ ರೀಸ್ಟಾರ್ಟ್ ಆಗುತ್ತದೆ, ಇಲ್ಲವೇ ಪೂರ್ತಿ ಆಫ್ ಆಗುತ್ತದೆ. ಗೇಮ್ ಸುಮ್ನೆ ಅರೆಕ್ಷಣ ನಿಂತು ಮುಂದುವರಿದರೆ ಅದು ವೋಲ್ಟೇಜ್ ಆಗಿರುವ ಸಾಧ್ಯತೆ ತೀರಾ ಕಡಿಮೆ. ಪಿಸಿಗೆ ವಿದ್ಯುತ್ ಕೊಡುವ ಡಬ್ಬಿ, ಎಸ್‌ಎಂಪಿಎಸ್ ಮೇಲೆ 100-240 ವೋಲ್ಟ್ ಅಂತ ಬರೆದಿದ್ದರೆ ಸಂಜೆಯ ಏರಿಳಿತವನ್ನು ಅದೇ ತಡೆದುಕೊಳ್ಳುತ್ತದೆ. ಇಂಟರ್ನೆಟ್ ಮೇಲೆ ಅನುಮಾನ ಇದ್ದರೆ ಒಬ್ಬರೇ ಆಡುವ ಗೇಮ್ ಹಾಕಿ ವೈಫೈ ಬಂದ್ ಮಾಡಿ ನೋಡಿ. ಆಗಲೂ ಜರ್ಕ್ ಬಂದರೆ ನೆಟ್‌ದು ತಪ್ಪಿಲ್ಲ.

ಎಲ್ಲಾ ಆದಮೇಲೂ ಜನ ಜಾಸ್ತಿ ಇರುವ ಬೀದಿಯಲ್ಲಿ ನಾಲ್ಕೂ ಕೋರ್ 100ಕ್ಕೆ ಮುಟ್ಟಿ ಗೆರೆ ನಡುಗುತ್ತಿತ್ತು. ರೆಸಲ್ಯೂಷನ್ ಇಳಿಸಿ ನೋಡಿದೆ, ಏನೂ ಬದಲಾಗಲಿಲ್ಲ. ರೆಸಲ್ಯೂಷನ್ ಕಾರ್ಡ್‌ನ ಭಾರ, ಪ್ರೊಸೆಸರ್‌ದಲ್ಲ. ಪಾಪ್ಯುಲೇಷನ್ ಡೆನ್ಸಿಟಿ (ಬೀದಿಯಲ್ಲಿ ಎಷ್ಟು ಜನ) ಮತ್ತು ದೂರದ ದೃಶ್ಯದ ಸೆಟ್ಟಿಂಗ್ ಇಳಿಸಿದಾಗ ಪ್ರೊಸೆಸರ್‌ಗೆ ಉಸಿರಾಡಲು ಜಾಗ ಸಿಕ್ಕಿತು. ಜೊತೆಗೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಕಸ್ಟಮ್ ರೆಸಲ್ಯೂಷನ್ ಮಾಡಿ ಮಾನಿಟರ್ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸಬೇಕು ಅನ್ನುವುದನ್ನು 60ರ ಬದಲು 50 ಹರ್ಟ್ಸ್‌ಗೆ ಇಳಿಸಿದೆ, ಗೇಮನ್ನು 50 ಎಫ್‌ಪಿಎಸ್‌ಗೆ ಕಟ್ಟಿದೆ. ಈಗ ಪ್ರತಿ ಚಿತ್ರಕ್ಕೆ ಸಮನಾಗಿ 20 ಮಿಲಿಸೆಕೆಂಡ್. ಎಲ್ಲಾ ಮಾನಿಟರ್ ಒಪ್ಪುವುದಿಲ್ಲ, ನನ್ನದು ಒಪ್ಪಿತು. ಸಮನಾದ 50, ಕುಂಟುವ 60ಕ್ಕಿಂತ ಎಷ್ಟೋ ಚೆಂದ. ಇದನ್ನು ಆಡಿ ನೋಡಿದವರಿಗೆ ಹೇಳಬೇಕಾಗಿಲ್ಲ.

ಅದೇ ಬೋರ್ಡ್‌ಗೆ 8 ಥ್ರೆಡ್‌ನ ಐ7-7700 ಕೂರುತ್ತದೆ. ಸೆಕೆಂಡ್ ಹ್ಯಾಂಡ್ ಹಾಕಿಸೋಣ ಅಂತ ಗೆಳೆಯರು ಹೇಳುತ್ತಾರೆ. ನಾನು ಹಾಕಿಸುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಏಳನೇ ಪೀಳಿಗೆಯ ಈ ಎರಡೂ ಪ್ರೊಸೆಸರ್‌ಗಳು ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. 1060 ಕಾರ್ಡ್‌ಗೂ ಹೊಸ ಗೇಮ್‌ಗಳಿಗೆ ತಕ್ಕ ಡ್ರೈವರ್ ಬರುವುದನ್ನು ಎನ್‌ವಿಡಿಯಾ ಅದೇ ತಿಂಗಳಿಗೆ ನಿಲ್ಲಿಸಿದೆ, ಇನ್ನು 2028ರ ಅಕ್ಟೋಬರ್‌ವರೆಗೆ ಭದ್ರತೆಯ ಅಪ್‌ಡೇಟ್ ಮಾತ್ರ. ಎಸ್‌ಎಸ್‌ಡಿಯನ್ನು ಮುಂದಿನ ಮಷೀನ್‌ಗೂ ಹಾಕಬಹುದು, ಈ ಐ7 ಅನ್ನು ಹಾಕಲಾಗುವುದಿಲ್ಲ. ಆ ದುಡ್ಡು ಹೊಸ ಪಿಸಿಗೆ ಕೂಡಿಡುತ್ತಿದ್ದೇನೆ. ಅಲ್ಲಿವರೆಗೆ ಯುಗಾದಿಗೆ ಮೊದಲು ಒಂದು ಸಲ ಪ್ರೊಸೆಸರ್‌ನ ಕೂಲರ್ ಬಿಚ್ಚಿ ಒರೆಸಿದರೆ ಇದರಲ್ಲೇ ಆಡಬಹುದು.